ಮೇಲೆ ಮರ, ಕೆಳಗೆ ಮೋರಿ, ನಡುವೆ ನಮ್ಮೂರು

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯಲ್ಲಿ ಊರಿನ ಚರಿತ್ರೆ ಒಂದಿಷ್ಟಾದರೂ ಇರಲಿ ಎಂಬುದು ಸದಸ್ಯರ ಅಪೇಕ್ಷೆ. ರಾಜರ, ಯುದ್ಧಗಳ ಚರಿತ್ರೆಯಲ್ಲಿ ನಾಯಂಡಹಳ್ಳಿಗೆ ದೊಡ್ಡ ಜಾಗವೇನೂ ಇಲ್ಲ ಬಿಡಿ. ನಮ್ಮೂರಿನ ಕಥೆ ತಿಳಿಯಬೇಕಾದರೆ ನೀರು ಇಳಿಯುವ ದಾರಿ ನೋಡಬೇಕು.

ಮೇಲೆ ಜ್ಞಾನಭಾರತಿಯ ದಿಬ್ಬ, ಕೆಳಗೆ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟಿದ್ದರಿಂದ ಹೊಳೆಗೆ ಆ ಹೆಸರು ಅಂತ ಹಿರಿಯರ ನಂಬಿಕೆ. ಬ್ಯಾಟರಾಯನಪುರದ ಗಾಳಿ ಆಂಜನೇಯನ ಗುಡಿಯೂ ಇದೇ ಹೊಳೆಯ ಮಗ್ಗುಲಲ್ಲಿದೆ. ಬೆಂಗಳೂರು ಸುತ್ತಿನ ಹಳ್ಳಿಗಳಲ್ಲೆಲ್ಲ ಇದ್ದದ್ದು ಒಂದೇ ಪದ್ಧತಿ: ದಿಬ್ಬದ ಮೇಲೆ ರಾಗಿ, ಅವರೆ, ಕೆರೆಯ ಕೆಳಗೆ ಗದ್ದೆ, ಕೋಡಿ ಬಿದ್ದ ನೀರು ಹಳ್ಳಕ್ಕೆ, ಹಳ್ಳದ್ದು ಹೊಳೆಗೆ.

ಪೇಟೆ ನಮ್ಮ ಕಡೆ ಬಂದದ್ದು ರಸ್ತೆ ಮತ್ತು ರೈಲಿನ ಜೊತೆ. ಮೈಸೂರಿನ ರೈಲು ಹಳಿ 1881–82ರದ್ದು. ಆಮೇಲೆ ಮೈಸೂರು ರಸ್ತೆಯ ಉದ್ದಕ್ಕೂ ಕಾರ್ಖಾನೆಗಳು ಎದ್ದವು. ಕೂಲಿ ಸಿಕ್ಕಿತು, ಹಾಲಿಗೆ, ಸೊಪ್ಪಿಗೆ ಗಿರಾಕಿ ಸಿಕ್ಕರು. ಅದನ್ನು ಮರೆಯುವಂತಿಲ್ಲ. ಆದರೆ ಅದೇ ಪೇಟೆಯ ಕೊಳೆಯೂ ಇಳಿಜಾರು ಹಿಡಿದು ಬಂತು. ಸ್ನಾನಕ್ಕೆ, ದನಕ್ಕೆ ಇದ್ದ ಹೊಳೆ ಜನರ ಬಾಯಲ್ಲಿ ‘ಕೆಂಗೇರಿ ಮೋರಿ’ ಆಗಿಹೋಯಿತು. ಒಂದು ನದಿ ಹೆಸರನ್ನೇ ಕಳಕೊಳ್ಳೋದು ಸಣ್ಣ ನಷ್ಟವೇ? ಮೈಸೂರು ರಸ್ತೆಯ ವೃಷಭಾವತಿ ಕಣಿವೆ ಘಟಕವನ್ನು ದಿನಕ್ಕೆ 18 ಕೋಟಿ ಲೀಟರ್ ಕೊಳಚೆ ನೀರು ಶುದ್ಧಿ ಮಾಡುವ ಲೆಕ್ಕಕ್ಕೆ ಕಟ್ಟಿದ್ದಾರೆ. ಆದರೂ ನೊರೆ ನಿಂತಿಲ್ಲ. ಈ ನೀರು ನಮ್ಮಲ್ಲಿಗೇ ಮುಗಿಯುವುದೂ ಇಲ್ಲ. ಬಿಡದಿ ಬಳಿಯ ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ. ನಮಗೆ ಮೂಗು ಮುಚ್ಚಿಕೊಂಡರೆ ಸಾಕು, ಬೈರಮಂಗಲದ ರೈತರು ಅದನ್ನೇ ಹೊಲಕ್ಕೆ ಬಿಟ್ಟುಕೊಳ್ಳಬೇಕು.

ಇನ್ನು ದಿಬ್ಬದ ಕಡೆ ನೋಡೋಣ. 1964ರಲ್ಲಿ ಆರಂಭವಾದ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ 1973ರ ಹೊತ್ತಿಗೆ ಸುಮಾರು 1,100 ಎಕರೆಯ ಜ್ಞಾನಭಾರತಿ ಆವರಣ ಸಿಕ್ಕಿತು. ಸುತ್ತಲಿನ ಹೊಲಗಳೆಲ್ಲ ನಿವೇಶನವಾದರೂ ಇದು ಆಗಲಿಲ್ಲ. ವಿಶ್ವವಿದ್ಯಾನಿಲಯದವರು ಸಸಿ ನೆಟ್ಟು ಜೈವಿಕ ಉದ್ಯಾನ ಬೆಳೆಸಿದರು, ಹಳ್ಳಗಳಿಗೆ ಅಡ್ಡಕಟ್ಟೆ ಹಾಕಿದರು. ಇವತ್ತು ನಮ್ಮ ಕಡೆ ಬೆಳಗಿನ ಗಾಳಿ ತಂಪಾಗಿದೆ ಅಂದರೆ ಅದಕ್ಕೆ ಆ ಮರಗಳೇ ಕಾರಣ. ಬಾಡಿಗೆ ಮನೆ ಬೋರ್ಡಿನಲ್ಲಿ ‘ಹಸಿರು ವಾತಾವರಣ’ ಅಂತ ಬರೆಯೋರು ಹಿಂದಿನ ಬಾಗಿಲ ಮೋರಿಯ ವಿಷಯ ಬರೆಯೋದಿಲ್ಲ!

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. 2021ರ ಆಗಸ್ಟ್‌ನಲ್ಲಿ ಕೆಂಗೇರಿವರೆಗೆ ಮೆಟ್ರೊ ಬಂದು ನಾಯಂಡಹಳ್ಳಿಗೂ ನಿಲ್ದಾಣವಾಯಿತು. ಮೆಜೆಸ್ಟಿಕ್ಕಿಗೆ ಹೋಗೋದು ಈಗ ಕಷ್ಟವಲ್ಲ.

ದಿಬ್ಬದ ಮಳೆನೀರು ಕೆರೆಗೆ ಬರುತ್ತಿದ್ದ ಕಾಲುವೆಗಳು ಎಲ್ಲೆಲ್ಲಿದ್ದವು ಎಂಬುದು ಮಾತ್ರ ಹಿರಿಯರ ತಲೆಯಲ್ಲೇ ಉಳಿದಿದೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಸಾಲಕ್ಕಾಗಿ. ನೀರಿನ ಲೆಕ್ಕ ಇಡುವುದೂ ಸಂಘದ ಕೆಲಸವೇ ಅಂತ ನಾವು ತಿಳಿದಿದ್ದೇವೆ. ಹಳೆಯ ಪಹಣಿ, ಗ್ರಾಮ ನಕ್ಷೆ ಇರುವ ಸದಸ್ಯರು ದಯವಿಟ್ಟು ಸಂಘದ ಕಚೇರಿಗೆ ತರಬೇಕು. ನಕಲು ಮಾಡಿಕೊಂಡು ಅಸಲನ್ನು ಅಂದೇ ವಾಪಸು ಕೊಡುತ್ತೇವೆ.