ದನದ ಡಾಕ್ಟರೂ ಕಾನೂನಿನ ಗೆರೆಯೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಮಳೆಯನ್ನು ನಂಬಿದವನಿಗಿಂತ ಕುರಿಯನ್ನು ನಂಬಿದವನು ಜಾಣನೆಂದರೆ ಅಲ್ಲಿಯವರು ಆಕ್ಷೇಪಿಸಲಾರರು. ಬೆಳೆ ಕೈಕೊಟ್ಟ ವರ್ಷ ಸಂಸಾರವನ್ನು ದಡ ಹತ್ತಿಸುವುದು ಹಟ್ಟಿಯ ಕುರಿ, ಕೊಟ್ಟಿಗೆಯ ದನ. ಆದಕಾರಣ, ಅವುಗಳ ಕಾಯಿಲೆಗೆ ಕೈಯಿಡುವ ಅಧಿಕಾರ ಯಾರದೆಂಬುದು ಇಲ್ಲಿ ಕೇವಲ ವಕೀಲರ ಚರ್ಚೆಯಲ್ಲ.

ಹಿಂದೆ ಆ ಅಧಿಕಾರ ದೇವರದಾಗಿತ್ತು. ಕಾಡುಗೊಲ್ಲರು ದನಗಳನ್ನು ಜುಂಜಪ್ಪನ ರಕ್ಷಣೆಗೆ ಒಪ್ಪಿಸಿದ್ದರು. ಶಿರಾ ತಾಲ್ಲೂಕಿನಲ್ಲಿ ಅವನ ಹೆಸರಿನ ಗುಡ್ಡೆಯೇ ಇದೆ. ಮಾರಮ್ಮನಿಗೆ ಹರಕೆ, ಬೇರು ಸೊಪ್ಪು ಬಲ್ಲ ಹಿರಿಯರ ಕೈಮದ್ದು, ಅದೂ ಸಾಲದಿದ್ದರೆ ಕಾದ ಕಬ್ಬಿಣದ ಬರೆ. ದೊಡ್ಡರೋಗ ಬಂದಿತೆಂದರೆ ಇವಾವುವೂ ನಡೆಯುತ್ತಿರಲಿಲ್ಲ. ಜ್ವರ, ಬಾಯಿಹುಣ್ಣು, ಭೇದಿ. ಕೆಲವೇ ದಿನಗಳಲ್ಲಿ ಕೊಟ್ಟಿಗೆ ಬರಿದು.

ಇದಕ್ಕೆ ಲಸಿಕೆ ಕಂಡುಹಿಡಿದವರು ವಿದ್ವಾಂಸರೇ. ಕುಮಾವೂನ್ ಬೆಟ್ಟದ ಮುಕ್ತೇಶ್ವರದ ಪ್ರಯೋಗಶಾಲೆಯಲ್ಲಿ ಎಡ್ವರ್ಡ್ಸ್ ಎಂಬವರು 1920ರ ದಶಕದಲ್ಲಿ ರೋಗಾಣುವನ್ನು ಆಡುಗಳ ಮೈಯಲ್ಲಿ ಹಾಯಿಸಿ ಹಾಯಿಸಿ ಪಳಗಿಸಿದರು. ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಸೀರಂ ಸಂಸ್ಥೆ ಹುಟ್ಟಿದ್ದೂ ಅದೇ ದಶಕದಲ್ಲಿ. 1954ರಲ್ಲಿ ದೇಶದ ದನ ಎಮ್ಮೆಗಳಲ್ಲಿ ನೂರಕ್ಕೆ 80ಕ್ಕೆ ಲಸಿಕೆ ಹಾಕುವ ಕಾರ್ಯಕ್ರಮ ಹೊರಟಿತು. ಹೆಬ್ಬಾಳದ ಪಶುವೈದ್ಯ ಕಾಲೇಜು ಬಾಗಿಲು ತೆರೆದದ್ದೇ 1958ರಲ್ಲಿ. ಅಷ್ಟೊಂದು ಡಾಕ್ಟರರು ಎಲ್ಲಿಂದ ಬರಬೇಕು? ಲಸಿಕೆಯ ಪೆಟ್ಟಿಗೆ ಹೊತ್ತು ಹಳ್ಳಿಹಳ್ಳಿ ಸುತ್ತಿದವರು ಬಹುಮಟ್ಟಿಗೆ ಸ್ಟಾಕ್‌ಮನ್‌ಗಳು, ಲಸಿಕೆಗಾರರು, ಪದವಿಯಿಲ್ಲದವರು. ಭಾರತದಲ್ಲಿ ಈ ರೋಗ ಕೊನೆಯದಾಗಿ ಕಂಡದ್ದು 1995ರಲ್ಲಿ. ಜಗತ್ತಿನಿಂದಲೇ ಅಳಿಯಿತೆಂದು ಸಾರಿದ್ದು 2011ರಲ್ಲಿ. ಸಿಡುಬಿನ ನಂತರ ಮನುಷ್ಯ ನಿರ್ನಾಮ ಮಾಡಿದ ಎರಡನೆಯ ರೋಗವಿದು.

ಈ ನಡುವೆ, 1984ರಲ್ಲಿ, ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆ ಬಂದಿತು. ಅದರ 30ನೆಯ ಕಲಮಿನ ಪ್ರಕಾರ ಪಶುವೈದ್ಯ ವೃತ್ತಿ ನೋಂದಾಯಿತ ವೈದ್ಯರಿಗೆ ಮಾತ್ರ ಮೀಸಲು. ಡಿಪ್ಲೊಮಾ ಅಥವಾ ಸರ್ಟಿಫಿಕೇಟು ಪಡೆದ ಸಹಾಯಕರಿಗೆ, ಅಂಥ ವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ, "ಸಣ್ಣ ಸೇವೆ"ಗಳಿಗೆ ರಾಜ್ಯ ಸರ್ಕಾರ ಅನುಮತಿ ಕೊಡಬಹುದು. ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಕಟ್ಟು ಕಟ್ಟುವುದು — ಕಾಯಿದೆ ಬಾಯಿಬಿಟ್ಟು ಹೇಳುವುದು ಇಷ್ಟನ್ನೇ. ಮಿಕ್ಕ ಪ್ರಾಥಮಿಕ ಚಿಕಿತ್ಸೆಗಳನ್ನು ಸರ್ಕಾರ ಗೆಜೆಟ್ಟಿನಲ್ಲಿ ಪ್ರಕಟಿಸಿ ಸೇರಿಸಬೇಕು. ಆರೋಗ್ಯ ಪ್ರಮಾಣಪತ್ರಕ್ಕೆ ರುಜು ಹಾಕುವುದೂ ತಜ್ಞನಾಗಿ ಸಾಕ್ಷ್ಯ ನುಡಿಯುವುದೂ ವೈದ್ಯರದೇ ಹಕ್ಕು. ಮಹಾರಾಷ್ಟ್ರದ ಡಿಪ್ಲೊಮಾದವರು ಸ್ವತಂತ್ರ ವೃತ್ತಿಯ ಹಕ್ಕಿಗಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2007ರಲ್ಲಿ ತೀರ್ಪು ಅವರಿಗೆ ವಿರುದ್ಧವಾಯಿತು.

ಗೆರೆ ಎಳೆದದ್ದು ತಪ್ಪೆಂದು ನಾನು ಹೇಳೆನು. ಅಳತೆ ತಪ್ಪಿದ ಔಷಧ ಹಸುವಿನೊಂದಿಗೆ ನಿಲ್ಲುವುದಿಲ್ಲ, ಹಾಲಿನ ಮೂಲಕ ನಮ್ಮ ಮನೆಯ ಕಾಫಿಯವರೆಗೂ ಬರುತ್ತದೆ. ನನ್ನ ತಕರಾರು "ಮೇಲ್ವಿಚಾರಣೆ" ಎಂಬ ಒಂದು ಪದದ ಮೇಲೆ. ವೈದ್ಯರು ಪಕ್ಕದಲ್ಲಿ ನಿಂತಿರಬೇಕೆ, ಊರಿನಲ್ಲಿದ್ದರೆ ಸಾಕೆ, ಫೋನಿನಲ್ಲಿ ಹೇಳಿದರೂ ಆದೀತೆ? ಆ ಕಲಮು ಬಿಡಿಸಿ ಹೇಳುವುದಿಲ್ಲ. ಮೂರು ಕಡೆ ಆಂಧ್ರದ ಎಲ್ಲೆ ಸುತ್ತಿಕೊಂಡ ಪಾವಗಡದ ಒಂದು ಗಡಿಹಳ್ಳಿ, ನಡುರಾತ್ರಿ, ಎತ್ತಿಗೆ ಹೊಟ್ಟೆ ಉಬ್ಬರಿಸಿ ಉಸಿರು ಕಟ್ಟುತ್ತಿದೆ ಎನ್ನೋಣ. ವೈದ್ಯರು ತಾಲ್ಲೂಕು ಕೇಂದ್ರದಲ್ಲಿ, ಪಶುವೈದ್ಯಕೀಯ ಪರೀಕ್ಷಕ ಮಾತ್ರ ಹತ್ತಿರದಲ್ಲಿ. ಪಕ್ಕೆಗೆ ಕೊಳವೆ ಚುಚ್ಚಿ ಗಾಳಿ ಬಿಡಿಸಿದರೆ ಎತ್ತು ಉಳಿದೀತು. ಅದು ಸಣ್ಣ ಸೇವೆಯೋ ಶಸ್ತ್ರಕ್ರಿಯೆಯೋ? ಅವನು ಕೈಯಿಟ್ಟು ಎತ್ತು ಸತ್ತರೆ ಅಪವಾದ ಅವನ ತಲೆಗೆ, ಸುಮ್ಮನೆ ನಿಂತು ಸತ್ತರೆ ಶಾಪವೂ ಅವನಿಗೇ. ಊರವರಂತೂ ಅವನನ್ನು ಕೂಗುವುದು "ಡಾಕ್ಟ್ರೇ" ಎಂದೇ.

ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಇದೇ ಕೆಲಸಕ್ಕೆ ಹುಡುಗರನ್ನು ತಯಾರು ಮಾಡುವ ಡಿಪ್ಲೊಮಾ ಶಾಲೆಯಿದೆ. ಅಲ್ಲಿ ಕಲಿತು ಬಂದವನು ಏನು ಮಾಡಬಹುದು, ಏನು ಕೂಡದು, ಯಾವುದಕ್ಕೆ ಫೋನಿನ ಅಪ್ಪಣೆ ಸಾಕು ಎಂಬುದನ್ನು ತಿಳಿಗನ್ನಡದಲ್ಲಿ ಬರೆದು ಪ್ರತಿಯೊಂದು ಪಶುಚಿಕಿತ್ಸಾಲಯದ ಗೋಡೆಗೆ ತೂಗುಹಾಕಲಿ. ಕುರಿಯವನೂ ಅದನ್ನು ಓದಿಸಿ ಕೇಳಿಕೊಳ್ಳಲಿ.