ಅಕ್ಕೊ: ಅನೇಕ ಒಡೆಯರನ್ನು ಕಂಡ ಬಂದರು ನಗರ

ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದಲ್ಲಿ, ಕಾರ್ಮೆಲ್ ಬೆಟ್ಟದ ಎದುರಿಗೆ, ಕೊಲ್ಲಿಯ ಉತ್ತರ ತುದಿಯಲ್ಲಿರುವ ಪುರಾತನ ಬಂದರು ಅಕ್ಕೊ. ಈಗ ಇದು ಇಸ್ರೇಲಿನಲ್ಲಿದೆ. ಈಜಿಪ್ಟಿನ ಟಾಲೆಮಿ ಅರಸರ ಕಾಲದಲ್ಲಿ ಇದಕ್ಕೆ ಪ್ತೊಲೆಮಾಯ ಎಂಬ ಹೆಸರು ಬಂತು. ಸಂತ ಪೌಲರು ಜೆರುಸಲೇಮಿಗೆ ಹೋಗುವಾಗ ಇಲ್ಲಿನ ಸಹೋದರರೊಂದಿಗೆ ಒಂದು ದಿನ ತಂಗಿದ್ದರು (ಪ್ರೇಷಿತರ ಕಾರ್ಯಕಲಾಪಗಳು 21:7).

ರೋಮನ್ನರು, ಬೈಜಾಂಟಿಯನ್ನರು, ಅರಬರ ನಂತರ 1104ರಲ್ಲಿ ಕ್ರುಸೇಡಿನ ಅರಸ ಬಾಲ್ಡ್ವಿನ್ ಜಿನೋವಾದ ಹಡಗುಗಳ ನೆರವಿನಿಂದ ನಗರವನ್ನು ಗೆದ್ದ. 1187ರಲ್ಲಿ ಸಲಾದಿನ್ ಅದನ್ನು ಮರಳಿ ಪಡೆದ. 1191ರಲ್ಲಿ ಇಂಗ್ಲೆಂಡಿನ ರಿಚರ್ಡ್ ಮತ್ತು ಫ್ರಾನ್ಸಿನ ಫಿಲಿಪ್ ವಶಪಡಿಸಿಕೊಂಡರು. ಆಗ ರಿಚರ್ಡ್ ಸುಮಾರು 2,700 ಸೆರೆಯಾಳುಗಳನ್ನು ಕೊಲ್ಲಿಸಿದ್ದನ್ನು ನಾವು ಮರೆಮಾಚುವಂತಿಲ್ಲ.

ಮುಂದಿನ ನೂರು ವರ್ಷ ಅಕ್ಕೊ ಜೆರುಸಲೇಮ್ ರಾಜ್ಯದ ರಾಜಧಾನಿ. ಪೇಟ್ರಿಯಾರ್ಕ್ ಸಂತ ಆಲ್ಬರ್ಟ್ ಇಲ್ಲಿ ನೆಲೆಸಿದ್ದಾಗಲೇ ಕಾರ್ಮೆಲ್ ಬೆಟ್ಟದ ಸನ್ಯಾಸಿಗಳಿಗೆ ನಿಯಮಾವಳಿ ಬರೆದುಕೊಟ್ಟರು. ಮಂಗಳೂರಿನ ಕಾರ್ಮೆಲ್ ಮಠ, ಕಾನ್ವೆಂಟುಗಳ ಬೇರು ಇಲ್ಲಿಗೇ ಬಂದು ಸೇರುತ್ತದೆ. 1214ರ ಸೆಪ್ಟೆಂಬರ್ 14ರಂದು, ಪವಿತ್ರ ಶಿಲುಬೆಯ ಹಬ್ಬದ ಮೆರವಣಿಗೆಯಲ್ಲಿ ಆಲ್ಬರ್ಟರ ಕೊಲೆಯಾಯಿತು. ಜಿನೋವಾ ಮತ್ತು ವೆನಿಸ್ ವರ್ತಕರಂತೂ ಸಂತ ಸಾಬಾಸರ ಮಠದ ಆಸ್ತಿಗಾಗಿ 1256ರಿಂದ ಬೀದಿ ಕಾಳಗಕ್ಕೇ ಇಳಿದರು. ಹೊರಗೆ ವೈರಿ ಕಾದಿದ್ದಾಗ ಒಳಗೆ ಇಂಥ ಜಗಳ!

1291ರ ಮೇ 18ರಂದು ಮಾಮ್ಲುಕ್ ಸುಲ್ತಾನ ಅಲ್-ಅಶ್ರಫ್ ಖಲೀಲ್ ನಗರವನ್ನು ಗೆದ್ದು ಕೆಡವಿಸಿದ. ಪೇಟ್ರಿಯಾರ್ಕ್ ನಿಕೋಲಾಸರು ನಿರಾಶ್ರಿತರನ್ನು ಬಿಟ್ಟುಹೋಗಲಾರದೆ ತಮ್ಮ ದೋಣಿಗೆ ಹತ್ತಿಸಿಕೊಂಡು, ಭಾರಕ್ಕೆ ಅದು ಮುಳುಗಿ ತೀರಿಕೊಂಡರೆಂದು ಚರಿತ್ರೆಕಾರರು ಬರೆದಿದ್ದಾರೆ. ಇಲ್ಲಿನ ಚರ್ಚೊಂದರ ಕಲ್ಲಿನ ದ್ವಾರವನ್ನು ಕೈರೋಗೆ ಸಾಗಿಸಲಾಯಿತು. ಅಲ್ಲಿನ ಅಲ್-ನಾಸಿರ್ ಮುಹಮ್ಮದ್ ಮದ್ರಸಾದ ಬಾಗಿಲಲ್ಲಿ ಅದನ್ನು ಈಗಲೂ ಕಾಣಬಹುದು.

ಬಹುಕಾಲ ಪಾಳುಬಿದ್ದ ಬಂದರನ್ನು ಒಟ್ಟೊಮನ್ ಆಳ್ವಿಕೆಯಲ್ಲಿ, 18ನೇ ಶತಮಾನದಲ್ಲಿ ಜಾಹಿರ್ ಅಲ್-ಉಮರ್ ಮತ್ತೆ ಕಟ್ಟಿದ. ಅವನ ನಂತರ ಬಂದ ಜಜ್ಜಾರ್ ಪಾಷಾ ಬ್ರಿಟಿಷ್ ನೌಕೆಗಳ ಸಹಾಯದಿಂದ 1799ರಲ್ಲಿ ನೆಪೋಲಿಯನ್ನನ ಮುತ್ತಿಗೆಯನ್ನು ಎರಡು ತಿಂಗಳು ತಡೆದ. ನೆಪೋಲಿಯನ್ ಬರಿಗೈಯಲ್ಲಿ ಹಿಂದಿರುಗಿದ. ಕಾರ್ಮೆಲ್ ಮಠದಲ್ಲಿ ಬಿಟ್ಟುಹೋದ ಅವನ ಗಾಯಾಳುಗಳು ಹತರಾದರು. ಮಠದ ಎದುರು ಅವರ ಸ್ಮಾರಕವಿದೆ.

1918ರ ಸೆಪ್ಟೆಂಬರ್ 23ರಂದು ಅಕ್ಕೊ ಬ್ರಿಟಿಷರ ಪಾಲಾಯಿತು. ಅದೇ ದಿನ ಕೊಲ್ಲಿಯಾಚೆಯ ಹೈಫಾವನ್ನು ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರು. 1948ರ ಯುದ್ಧದಲ್ಲಿ ನಗರ ಇಸ್ರೇಲಿಗೆ ಸೇರಿತು. ಅರಬ್ ನಿವಾಸಿಗಳಲ್ಲಿ ಬಹುಪಾಲು ಊರು ತೊರೆಯಬೇಕಾಯಿತು. ಉಳಿದವರ ಮಕ್ಕಳು, ಮೊಮ್ಮಕ್ಕಳು ಹಳೇ ಪೇಟೆಯಲ್ಲಿ ಬಾಳುತ್ತಿದ್ದಾರೆ. 2001ರಲ್ಲಿ ಯುನೆಸ್ಕೋ ಹಳೇ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಡಲ ಗೋಡೆಯ ಪಕ್ಕದಲ್ಲಿ 1737ರಲ್ಲಿ ಫ್ರಾನ್ಸಿಸ್ಕನರು ಕಟ್ಟಿದ ಸಂತ ಯೊವಾನ್ನರ ಪುಟ್ಟ ಚರ್ಚು ನಿಂತಿದೆ.