‘ನಿಧಾನ’ ಎಂಬ ಚೀಟಿ

ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಉಪನ್ಯಾಸಕ್ಕೆ ನಿಂತಾಗ ಅವನ ಸಹಾಯಕ ಆಂಡರ್ಸನ್‌ಗೆ ಪ್ರಯೋಗದ ಸಾಮಾನು ಜೋಡಿಸುವುದರ ಜೊತೆಗೆ ಇನ್ನೊಂದು ಕೆಲಸವೂ ಇರುತ್ತಿತ್ತು. ಮಾತು ಓಡತೊಡಗಿದರೆ ‘ನಿಧಾನ’ ಎಂದು ಬರೆದ ಚೀಟಿಯನ್ನು ಫ್ಯಾರಡೆಯ ಕಣ್ಣಿಗೆ ಬೀಳುವಂತೆ ಇಡಬೇಕು. ಗಂಟೆ ಮುಗಿಯುತ್ತ ಬಂದರೆ ‘ಸಮಯ’ ಎಂಬ ಚೀಟಿ ಇಡಬೇಕು. ವಿದ್ಯುತ್ಕಾಂತೀಯ ಪ್ರೇರಣೆಯನ್ನು 1831ರಲ್ಲಿ ಕಂಡುಹಿಡಿದವನು, ತನ್ನ ಕಾಲದ ಅತ್ಯಂತ ಜನಪ್ರಿಯ ವಿಜ್ಞಾನ ಉಪನ್ಯಾಸಕರಲ್ಲಿ ಒಬ್ಬನೆನಿಸಿಕೊಂಡವನು, ತನ್ನ ನಾಲಗೆಯ ಕಾವಲಿಗೆ ಒಬ್ಬನನ್ನು ನೇಮಿಸಿಕೊಂಡಿದ್ದ.

ವಿಜ್ಞಾನದ ಇತಿಹಾಸ ಓದುವ ಸಂಶೋಧನಾ ವಿದ್ಯಾರ್ಥಿಯಾಗಿ ನನಗೆ ಈ ಚೀಟಿಗಳು ಫ್ಯಾರಡೆಯ ಎಷ್ಟೋ ಉಪಕರಣಗಳಿಗಿಂತ ಮುಖ್ಯವಾಗಿ ಕಾಣುತ್ತವೆ. ನಮ್ಮ ವಿದ್ವತ್ ವಲಯದಲ್ಲಿ ಎರಡು ನಂಬಿಕೆಗಳು ಗಟ್ಟಿಯಾಗಿ ಕೂತಿವೆ. ಒಂದು, ಮಾತುಗಾರಿಕೆ ಹುಟ್ಟಿನಿಂದಲೇ ಬರಬೇಕು. ಇನ್ನೊಂದು, ಚೆನ್ನಾಗಿ ಮಾತಾಡುವವರ ವಿದ್ವತ್ತಿನ ಮೇಲೆ ಸ್ವಲ್ಪ ಅನುಮಾನ ಇಟ್ಟುಕೊಂಡಿರಬೇಕು. ಫ್ಯಾರಡೆಯ ಬದುಕು ಎರಡನ್ನೂ ಒಪ್ಪುವುದಿಲ್ಲ.

ಅವನು ಹುಟ್ಟಿದ್ದು 1791ರಲ್ಲಿ, ಕಮ್ಮಾರನ ಮಗನಾಗಿ. ಶಾಲೆಯ ಓದು ಅಷ್ಟಕ್ಕಷ್ಟೆ. ಹದಿನಾಲ್ಕರ ವಯಸ್ಸಿಗೆ ಜಾರ್ಜ್ ರೀಬೋ ಎಂಬವನ ಅಂಗಡಿಯಲ್ಲಿ ಪುಸ್ತಕಗಳಿಗೆ ಬೈಂಡು ಹಾಕುವ ಕೆಲಸ ಕಲಿಯಲು ಸೇರಿದ. ಕೈಗೆ ಬಂದ ಪುಸ್ತಕಗಳನ್ನು ಓದತೊಡಗಿದ. ಅವುಗಳಲ್ಲಿ ಜೇನ್ ಮಾರ್ಸೆಟ್ ರಸಾಯನಶಾಸ್ತ್ರವನ್ನು ಸಂಭಾಷಣೆಯ ರೂಪದಲ್ಲಿ ವಿವರಿಸಿದ ಪುಸ್ತಕವೂ ಇತ್ತು. ಮಾರ್ಸೆಟ್ ಅದನ್ನು ಬರೆದದ್ದು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿದ ಮೇಲೆ. ಸಭೆಯಲ್ಲಿ ಕುಳಿತ ಒಬ್ಬ ಹೆಣ್ಣುಮಗಳು ಕೇಳಿಸಿಕೊಂಡದ್ದು ಪುಸ್ತಕವಾಗಿ, ಆ ಸಭೆಯ ಬಾಗಿಲೊಳಗೆ ಕಾಲಿಡಲಾಗದ ಹುಡುಗನೊಬ್ಬನನ್ನು ತಲುಪಿತು.

1810ರಲ್ಲಿ ಫ್ಯಾರಡೆ ಜಾನ್ ಟೇಟಮ್ ಎಂಬವನ ಮನೆಯಲ್ಲಿ ನಡೆಯುತ್ತಿದ್ದ ವಿಜ್ಞಾನ ಉಪನ್ಯಾಸಗಳಿಗೆ ಹೋಗಲಾರಂಭಿಸಿದ. ಪ್ರವೇಶಕ್ಕೆ ಒಂದು ಶಿಲ್ಲಿಂಗ್. ಆ ದುಡ್ಡು ಕೊಟ್ಟವನು ಅಣ್ಣ ರಾಬರ್ಟ್. ಕೇಳಿದ್ದನ್ನೆಲ್ಲ ಬರೆದುಕೊಂಡು, ಚಿತ್ರ ಬಿಡಿಸಿ, ತಾನೇ ಬೈಂಡು ಹಾಕಿಟ್ಟ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬ ಡೇವಿಯ ಕೊನೆಯ ನಾಲ್ಕು ಉಪನ್ಯಾಸಗಳಿಗೆ ಟಿಕೆಟ್ ಕೊಡಿಸಿದ. ಆ ಟಿಪ್ಪಣಿಗಳಿಗೂ ಬೈಂಡು ಹಾಕಿ ಡೇವಿಗೇ ಕಳಿಸಿದ. ಮರುವರ್ಷ ಮಾರ್ಚ್‌ನಲ್ಲಿ ಅದೇ ಸಂಸ್ಥೆಯಲ್ಲಿ ಪ್ರಯೋಗಾಲಯದ ಸಹಾಯಕನಾದ.

ಕೆಲಸಕ್ಕೆ ಸೇರಿ ಮೂರೇ ತಿಂಗಳಿಗೆ, 1813ರ ಜೂನ್‌ನಲ್ಲಿ, ಗೆಳೆಯ ಬೆಂಜಮಿನ್ ಆ್ಯಬಟ್‌ಗೆ ಉಪನ್ಯಾಸ ಕಲೆಯ ಬಗ್ಗೆ ಸಾಲಾಗಿ ಪತ್ರಗಳನ್ನು ಬರೆದ. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಬೇರೆಯವರು ಮಾತಾಡುವಾಗ ಪಕ್ಕದಲ್ಲಿ ನಿಂತು ನೆರವಾಗುತ್ತಿದ್ದವನ ಕಣ್ಣು ಕೇಳುಗರ ಮುಖದ ಮೇಲಿತ್ತು. ಹಾಗಾಗಿ ಪತ್ರಗಳು ಮಾತಿನಿಂದಲ್ಲ, ಸಭಾಂಗಣದಿಂದ ಶುರುವಾಗುತ್ತವೆ: ಒಳಗೆ ಗಾಳಿಯಾಡುತ್ತದೆಯೇ, ಬಂದು ಹೋಗುವ ದಾರಿ ಸಲೀಸಾಗಿದೆಯೇ, ಕೂತವರಿಗೆಲ್ಲ ಕಾಣುತ್ತದೆಯೇ. ಆಮೇಲೆ ಉಪನ್ಯಾಸಕನ ಸರದಿ. ಸಭಿಕರಿಗೆ ಬೆನ್ನು ಹಾಕಬಾರದು. ಮೇಜಿಗೆ ಅಂಟಿಕೊಂಡು ನಿಲ್ಲಬಾರದು. ಬರೆದದ್ದನ್ನು ಓದಿ ಒಪ್ಪಿಸಬಾರದು. ಚಪ್ಪಾಳೆಗಾಗಿ ಕೈಚಾಚಬಾರದು. ಶುರುವಿನಲ್ಲಿ ಹೊತ್ತಿಸಿದ ಆಸಕ್ತಿಯನ್ನು ಕೊನೆಯವರೆಗೂ ಆರದಂತೆ ನೋಡಿಕೊಳ್ಳಬೇಕು. ಒಂದು ಗಂಟೆ ಸಾಕು.

ಇಷ್ಟು ಬರೆದವನು ಮರುದಿನವೇ ವೇದಿಕೆ ಹತ್ತಲಿಲ್ಲ. ಟೇಟಮ್‌ನ ಮನೆಯಲ್ಲಿ ಸೇರುತ್ತಿದ್ದ ಗೆಳೆಯರ ಕೂಟದಲ್ಲಿ, 1816ರಿಂದ, ಉಪನ್ಯಾಸ ಕೊಟ್ಟು ಅಭ್ಯಾಸ ಮಾಡಿದ. 1818ರಲ್ಲಿ ಬೆಂಜಮಿನ್ ಸ್ಮಾರ್ಟ್ ಎಂಬ ವಾಕ್‌ಶಿಕ್ಷಕನ ತರಗತಿಗಳಿಗೆ ಹೋಗಿ ಅಲ್ಲಿಯೂ ಪುಟಗಟ್ಟಲೆ ಟಿಪ್ಪಣಿ ಮಾಡಿಕೊಂಡ. ಮುಂದೆ ಅದೇ ಸ್ಮಾರ್ಟ್, ಫ್ಯಾರಡೆಯ ಉಪನ್ಯಾಸಗಳಲ್ಲಿ ಕೂತು ತಪ್ಪು ಹೇಳಿಕೊಡುತ್ತಿದ್ದ. ಚೀಟಿಗಳು ಬಂದದ್ದು ಇದೇ ಹಾದಿಯಲ್ಲಿ. ಪ್ರಯೋಗಕ್ಕೆ ಎಷ್ಟು ತಯಾರಿ ಬೇಕೋ ಮಾತಿಗೂ ಅಷ್ಟೇ ಬೇಕು ಎಂಬುದು ಅವನ ಲೆಕ್ಕಾಚಾರ.

ಮಕ್ಕಳಿಗಾಗಿ ರಾಯಲ್ ಇನ್‌ಸ್ಟಿಟ್ಯೂಷನ್ 1825ರಲ್ಲಿ ಆರಂಭಿಸಿದ ಕ್ರಿಸ್‌ಮಸ್ ಉಪನ್ಯಾಸಗಳನ್ನು 1827ರಿಂದ 1860ರವರೆಗೆ ಫ್ಯಾರಡೆ ಹತ್ತೊಂಬತ್ತು ಸಲ ನಡೆಸಿಕೊಟ್ಟ. ಅವುಗಳಲ್ಲಿ ಮೇಣದಬತ್ತಿಯ ರಸಾಯನಶಾಸ್ತ್ರದ ಮೇಲಿನ ಆರು ಉಪನ್ಯಾಸಗಳು ವಿಲಿಯಂ ಕ್ರುಕ್ಸ್‌ನ ಸಂಪಾದನೆಯಲ್ಲಿ 1861ರಲ್ಲಿ ಪುಸ್ತಕವಾದವು. ಓದಿದರೆ ಅವನ ವಿಧಾನ ಕಣ್ಣಿಗೆ ಕಟ್ಟುತ್ತದೆ. 1782ರಲ್ಲಿ ಮುಳುಗಿದ ರಾಯಲ್ ಜಾರ್ಜ್ ಎಂಬ ಹಡಗಿನಿಂದ ಎತ್ತಿ ತಂದ ಮೇಣದಬತ್ತಿಯನ್ನು ತೋರಿಸುತ್ತಾನೆ. ದಶಕಗಳ ಕಾಲ ಉಪ್ಪುನೀರಿನಲ್ಲಿದ್ದರೂ ಹೊತ್ತಿಸಿದರೆ ಉರಿಯುತ್ತದೆ. ಕರಗಿದ ಮೇಣ ಬತ್ತಿಯಲ್ಲಿ ಮೇಲೇರುವುದು ಹೇಗೆ ಎಂಬುದಕ್ಕೆ ಉಪ್ಪಿನ ಕಂಬವೊಂದನ್ನು ನಿಲ್ಲಿಸಿ ಬುಡಕ್ಕೆ ನೀಲಿ ದ್ರಾವಣ ಸುರಿಯುತ್ತಾನೆ; ನೀಲಿ ಮೇಲೇರುವುದನ್ನು ಮಕ್ಕಳೇ ನೋಡುತ್ತಾರೆ. ಜ್ವಾಲೆಯ ಮೇಲೆ ತಣ್ಣನೆಯ ಪಾತ್ರೆ ಹಿಡಿದರೆ ನೀರು ಹನಿಯುತ್ತದೆ. ನೀರಿನಿಂದ ಜಲಜನಕಕ್ಕೆ, ಅಲ್ಲಿಂದ ಆಮ್ಲಜನಕಕ್ಕೆ, ಇಂಗಾಲದ ಡೈಆಕ್ಸೈಡಿಗೆ ಹೆಜ್ಜೆಯಿಡುತ್ತ, ಕೊನೆಯ ದಿನ ನಮ್ಮ ಉಸಿರಾಟವೂ ಒಂದು ಬಗೆಯ ಉರಿಯೇ ಎಂಬಲ್ಲಿಗೆ ತಂದು ನಿಲ್ಲಿಸುತ್ತಾನೆ. ರಸಾಯನಶಾಸ್ತ್ರ ಎಲ್ಲಿಯೂ ತೆಳುವಾಗಿಲ್ಲ. ಕಲ್ಲು ಬಿಟ್ಟರೆ ನೆಲಕ್ಕೆ ಬೀಳುತ್ತದೆ ಎನ್ನಬೇಕಾದರೂ ಕೈಬಿಟ್ಟು ತೋರಿಸಬೇಕು ಎಂದು ಅವನು ಕಿರಿಯ ಉಪನ್ಯಾಸಕನೊಬ್ಬನಿಗೆ ಹೇಳಿದ್ದನಂತೆ. ಸಭೆಗೆ ಏನೂ ಗೊತ್ತಿಲ್ಲ ಎಂಬ ತಾತ್ಸಾರ ಇದರಲ್ಲಿಲ್ಲ. ನನ್ನ ಮಾತನ್ನು ನಂಬಬೇಡಿ, ನೀವೇ ನೋಡಿ ಎಂಬ ಗೌರವವಿದೆ.

ನಮ್ಮ ವಿಚಾರಸಂಕಿರಣಗಳಲ್ಲಿ ಹದಿನೈದು ನಿಮಿಷಕ್ಕೆ ಇಪ್ಪತ್ತು ಪುಟದ ಪ್ರಬಂಧವನ್ನು ತಲೆಯೆತ್ತದೆ ಓದುವುದು ಅಪರೂಪವಲ್ಲ. ಪರದೆಯ ಮೇಲೂ ಅದೇ ವಾಕ್ಯಗಳು, ಓದುವವರ ಬೆನ್ನು ನಮ್ಮ ಕಡೆಗೆ. ಮುಂದಿನ ಸಾಲಿನ ಪ್ರಾಧ್ಯಾಪಕರಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಅವರು ಪ್ರಬಂಧವನ್ನು ಆಮೇಲೆ ತರಿಸಿಕೊಂಡು ಓದಬಲ್ಲರು. ನಷ್ಟ ಹಿಂದಿನ ಸಾಲಿನದು. ಮನೆಯಲ್ಲಿ ಮೊದಲ ಸಲ ಪದವಿಯ ಮೆಟ್ಟಿಲು ಹತ್ತಿ, ಹಾಜರಿಗೆಂದು ಬಂದು ಕೂತ ಹುಡುಗಿಗೆ ಒಂದು ವಿಷಯದ ಬಾಗಿಲು ತೆರೆಯುವುದೋ ಮುಚ್ಚುವುದೋ ಆ ಹದಿನೈದು ನಿಮಿಷದಲ್ಲೇ ತೀರ್ಮಾನವಾಗಬಹುದು. ಫ್ಯಾರಡೆ ತಾನೇ ಹಾಗೆ ಕೂತವನು. ಆ ಜಾಗ ಅವನಿಗೆ ಸಿಕ್ಕದ್ದು ಯಾರೋ ಕೊಡಿಸಿದ ಟಿಕೆಟ್ಟಿನಿಂದ, ಅಣ್ಣನ ಶಿಲ್ಲಿಂಗಿನಿಂದ.

1862ರ ಜೂನ್‌ನಲ್ಲಿ ಅವನು ಕೊನೆಯ ಶುಕ್ರವಾರದ ಉಪನ್ಯಾಸ ಕೊಟ್ಟ. ವಿಷಯ ಅನಿಲ ಕುಲುಮೆಗಳು. ಆ ಹೊತ್ತಿಗೆ ನೆನಪು ಕೈಕೊಡತೊಡಗಿತ್ತು. ಇನ್ನು ತಾನು ನಿಲ್ಲಿಸಬೇಕಾದ ಕಾರಣವನ್ನೂ ಸಭೆಗೆ ವಿವರಿಸಬೇಕೆಂದು ಆ ದಿನದ ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡಿದ್ದ.